ಮುನ್ ಮೇಲೆ ರೋವರ್ ಇಳಿಸುವುದು: ಹೊಟ್ಟೆಯಡಿ ಕಟ್ಟಬೇಕೇ, ಪಕ್ಕಕ್ಕೆ ಕಟ್ಟಬೇಕೇ, ಚಕ್ರವೇ ಬೇಡವೇ?

ಪಾಷಾಣ್_ಪಥಿಕ
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮ ಬಡಾವಣೆಯ ಕನ್ನಡ ಮಕ್ಕಳಿಗಾಗಿ ರಜೆಯಲ್ಲಿ ಒಂದು ಸಣ್ಣ ಶಿಬಿರ ನಡೆಯುತ್ತಿದೆ. ಏಳು, ಎಂಟನೆಯ ತರಗತಿಯ ಮಕ್ಕಳು. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದಲ್ಲಿ ಮುನ್ ಎಂಬ ಉಪಗ್ರಹದ ಮೇಲೆ ಲ್ಯಾಂಡರ್ ಇಳಿಸಿ, ಅದರಿಂದ ರೋವರ್ ಹೊರಗೆ ಓಡಿಸುವುದು ಈ ವಾರದ ಕೆಲಸ.

ರಾಕೆಟ್ ಮೇಲೇರುತ್ತದೆ, ಮುನ್ ಕಕ್ಷೆಯನ್ನೂ ಸೇರುತ್ತದೆ. ತೊಂದರೆ ಎಲ್ಲವೂ ನೆಲ ಮುಟ್ಟಿದ ಮೇಲೆ. ಲ್ಯಾಂಡರ್‌ನ ಹೊಟ್ಟೆಯಡಿ ಡಿಕಪ್ಲರ್ (ಭಾಗಗಳನ್ನು ಬಿಡಿಸಿ ದೂರ ನೂಕುವ ಕೊಂಡಿ) ಇಟ್ಟು ರೋವರ್ ತೂಗುಹಾಕಿದ್ದೇವೆ, ಎಂಜಿನ್‌ಗಳು ಎರಡು ಪಕ್ಕದಲ್ಲಿವೆ. ರೋವರ್‌ಗೆ ಜಾಗ ಬೇಕೆಂದು ಕಾಲುಗಳು ಉದ್ದವಾದವು, ನೌಕೆ ಎತ್ತರವಾಯಿತು. ಇಳಿದು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಬಹಳ ನಿಧಾನವಾಗಿ ಪಕ್ಕಕ್ಕೆ ಮಲಗುತ್ತದೆ. ಮಲಗದೆ ನಿಂತ ದಿನ ರೋವರ್ ಹೊರಬಂದು ಮೊದಲ ತಿರುವಿನಲ್ಲೇ ಪಲ್ಟಿ ಹೊಡೆಯುತ್ತದೆ. ಮಕ್ಕಳಿಗೆ ಅದೇ ಹೆಚ್ಚು ಖುಷಿ, ಅದು ಬೇರೆ ಮಾತು.

ರೋವರ್ ಎಲ್ಲಿ ಕಟ್ಟುವುದು ಒಳ್ಳೆಯದು? ಓಡಿಸುವಾಗ ಏನು ಗಮನಿಸಬೇಕು? ಉತ್ತರ ಮಕ್ಕಳಿಗೆ ಅರ್ಥವಾಗುವಂತಿರಲಿ.

ಡೊಂಬಿವಲಿ_ಲೋಕಲ್
ಮಲಗಿದರೆ ಏನಂತೆ, ಮಲಗಿದ್ದಲ್ಲಿಂದಲೇ ಫೋಟೋ ತೆಗೆಯಿರಿ. ಜಪಾನಿನವರು ಚಂದ್ರನ ಮೇಲೆ ಸ್ಲಿಮ್ ನೌಕೆ ಇಳಿಸಿ ಅದನ್ನೇ ಮಾಡಿದರು.

ಚಿಂಚ್ವಡ್_ಗೇರ್
ಪಥಿಕರೇ, ಮೊದಲು ಒಂದು ಪ್ರಶ್ನೆ. ಜೋಡಣಾ ಕಟ್ಟಡದಲ್ಲಿ ಗುರುತ್ವ ಕೇಂದ್ರದ ಹಳದಿ ಗುಂಡನ್ನು ನೋಡಿದ್ದು ಟ್ಯಾಂಕ್ ತುಂಬಿದ್ದಾಗಲೋ, ಖಾಲಿ ಮಾಡಿಯೋ? ಎಲ್ಲರೂ ತುಂಬಿದ ಟ್ಯಾಂಕಿನಲ್ಲಿ ನೋಡುತ್ತಾರೆ. ನೆಲ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಇಂಧನ ಉರಿದುಹೋಗಿರುತ್ತದೆ. ಟ್ಯಾಂಕಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಇಂಧನದ ಪಟ್ಟಿಯನ್ನು ಕೆಳಕ್ಕೆ ಎಳೆದು ನೋಡಿ. ನಿಮ್ಮ ಗುಂಡು ಮೇಲಕ್ಕೆ ಹೋಗುತ್ತದೆಯೋ ಕೆಳಕ್ಕೆ ಬರುತ್ತದೆಯೋ ಆಗ ತಿಳಿಯುತ್ತದೆ. ಮನುಷ್ಯರ ಕೋಶ ತುದಿಯಲ್ಲಿದ್ದು ಟ್ಯಾಂಕ್ ಕೆಳಗಿದ್ದರೆ ಮೇಲಕ್ಕೇ ಹೋಗುತ್ತದೆ.

ಪಾಷಾಣ್_ಪಥಿಕ
ತುಂಬಿದ ಟ್ಯಾಂಕ್‌ನಲ್ಲಿ ನೋಡಿದ್ದೆವು. ಈಗ ಖಾಲಿ ಮಾಡಿದರೆ ಗುಂಡು ನೇರವಾಗಿ ಕೋಶದ ಬುಡಕ್ಕೇ ಬಂದು ನಿಂತಿದೆ.

ಚಿಂಚ್ವಡ್_ಗೇರ್
ಹಾಗಾದರೆ ರೋಗ ಅಲ್ಲೇ ಇದೆ. ಒಂದು ಉದ್ದ ಟ್ಯಾಂಕಿನ ಬದಲು ನಾಲ್ಕು ಗಿಡ್ಡ ಟ್ಯಾಂಕ್‌ಗಳನ್ನು ಸುತ್ತ ಕಟ್ಟಿ, ಕಾಲುಗಳನ್ನು ಅವುಗಳ ಹೊರಮೈಗೆ ಹಾಕಿ. ಎತ್ತರ ಇಳಿಯುತ್ತದೆ, ಪಾದದ ಹರವು ಹೆಚ್ಚುತ್ತದೆ. ನಡುವೆ ಉಳಿದ ಜಾಗದಲ್ಲಿ ರೋವರ್ ಕೂರುತ್ತದೆ.

ಮುಲುಂದ್_ಮೇಡಂ
ನಾನು ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮೊಮ್ಮಗ ಈ ಆಟ ಆಡುವಾಗ ಪಕ್ಕದಲ್ಲಿ ಕುಳಿತು ಲೆಕ್ಕ ಹಾಕುವುದು ನನ್ನ ಚಟ. ಮೇಲಿನ ಮಾತಿಗೆ ಅಂಕಿ ಕೊಡುತ್ತೇನೆ, ಮಕ್ಕಳ ಕೈಯಲ್ಲೇ ಮಾಡಿಸಬಹುದು.

ನೌಕೆ ಒಂದು ಕಾಲಿನ ಮೇಲೆ ವಾಲಿ ಬೀಳಬೇಕಾದರೆ ಅದರ ಗುರುತ್ವ ಕೇಂದ್ರ ಆ ಕಾಲಿನ ನೆತ್ತಿಯವರೆಗೆ ಮೇಲೇರಬೇಕು. ಕೇಂದ್ರ 2 ಮೀಟರ್ ಎತ್ತರದಲ್ಲಿದೆ, ಪಾದ ನಡುವಿನಿಂದ 1.5 ಮೀಟರ್ ದೂರದಲ್ಲಿದೆ ಎನ್ನಿ. ಪೈಥಾಗೋರಸ್ ಪ್ರಕಾರ ಕರ್ಣ 2.5 ಮೀಟರ್. ಅಂದರೆ ಕೇಂದ್ರ ಕೇವಲ ಅರ್ಧ ಮೀಟರ್ ಮೇಲೇರಿದರೆ ಸಾಕು, ನೌಕೆ ಉರುಳುತ್ತದೆ. ಮುನ್‌ನ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 1.63 ಮೀಟರ್. ಪಾದ ನೆಲಕ್ಕೆ ಸಿಕ್ಕಿಕೊಂಡಾಗ ಉಳಿಯುವ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಸೆಕೆಂಡಿಗೆ ಸುಮಾರು 1.6 ಮೀಟರ್ ಅಡ್ಡವೇಗಕ್ಕೇ ಕಥೆ ಮುಗಿಯುತ್ತದೆ.

ಈಗ ಕೇಂದ್ರವನ್ನು 1.5ಕ್ಕೆ ಇಳಿಸಿ, ಪಾದವನ್ನು 2.5ಕ್ಕೆ ಹರಡಿ. ಅದೇ ಲೆಕ್ಕದಲ್ಲಿ ಸೆಕೆಂಡಿಗೆ 4 ಮೀಟರ್ ದಾಟುವವರೆಗೆ ನೌಕೆ ತಡೆದುಕೊಳ್ಳುತ್ತದೆ. ಇದು ನೌಕೆಯನ್ನು ಒಂದು ಬಿಂದು ಎಂದು ಎಣಿಸಿ ಮಾಡಿದ ಮೇಲ್ಮೇಲಿನ ಲೆಕ್ಕ. ಆದರೂ ದಿಕ್ಕು ಸರಿಯಾಗಿದೆ. ಇನ್ನೊಂದು ಸಂಗತಿ: ಇಳಿಯುವ ವೇಗ ನೌಕೆಯನ್ನು ಮುರಿಯುತ್ತದೆ, ಉರುಳಿಸುವುದು ಅಡ್ಡವೇಗ. ಮಕ್ಕಳು ಮೊದಲನೆಯದನ್ನೇ ನೋಡುತ್ತಿರುತ್ತಾರೆ.

ಮಾಟುಂಗ_ಮಾಣಿ
ಮೇಡಂ, ನಿಮ್ಮ ತರಗತಿಯಲ್ಲಿ ನಾನು ಕುಳಿತಿದ್ದರೆ ಇಂದು ಹೋಟೆಲ್ ಗಲ್ಲಾದ ಹಿಂದೆ ಕೂರುತ್ತಿರಲಿಲ್ಲವೇನೋ.

ಥಾಣೆ_ತಕರಾರು
ಗಿಡ್ಡ, ಅಗಲ ಎಂದು ಹೇಳುವುದು ಸುಲಭ. ಅಗಲವಾದ ನೌಕೆಯನ್ನು ರಾಕೆಟ್ ತುದಿಯ ಕವಚದೊಳಗೆ ತುರುಕುವವರು ಯಾರು? 2015ರ 1.0 ಆವೃತ್ತಿಯ ನಂತರ ಆಟದಲ್ಲಿ ಗಾಳಿಯ ಎಳೆತ ಗಂಭೀರವಾಗಿದೆ. ದೊಡ್ಡ ತಲೆಯ ರಾಕೆಟ್ ಹತ್ತು ಕಿಲೋಮೀಟರ್ ಏರುವುದರೊಳಗೆ ಹಿಂದುಮುಂದಾಗುತ್ತದೆ. ನಿಜ ಜಗತ್ತಿನಲ್ಲೂ ಅದೇ ಕಾರಣಕ್ಕೆ ಎತ್ತರದ ಲ್ಯಾಂಡರ್‌ಗಳನ್ನು ಕಟ್ಟುತ್ತಾರೆ.

ಚಿಂಚ್ವಡ್_ಗೇರ್
ಕಟ್ಟುತ್ತಾರೆ, ಬೀಳಿಸುತ್ತಾರೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಒಂದು ಕಂಪನಿಯ ಲ್ಯಾಂಡರ್ ಒಡಿಸ್ಸಿಯಸ್ ಚಂದ್ರನ ಮೇಲೆ ಪಕ್ಕಕ್ಕೆ ಸರಿಯುತ್ತಲೇ ನೆಲ ಮುಟ್ಟಿ, ಕಾಲು ಮುರಿದುಕೊಂಡು ವಾಲಿತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿಯ ಅಥೇನಾ ಒಂದು ಕುಳಿಯಲ್ಲಿ ಅಡ್ಡ ಬಿದ್ದಿತು. ಅದೇ ವಾರ ಇಳಿದ ಬ್ಲೂ ಗೋಸ್ಟ್ ನೆಟ್ಟಗೆ ನಿಂತಿತು. ಅದರ ಎತ್ತರ ಸುಮಾರು 2 ಮೀಟರ್, ಅಗಲ 3.5 ಮೀಟರ್. ನಮ್ಮ ವಿಕ್ರಮ್ ನೋಡಿ: ಉದ್ದ, ಅಗಲ ಎರಡೆರಡು ಮೀಟರ್, ಎತ್ತರ 1.17 ಮೀಟರ್ ಮಾತ್ರ.

ಥಾಣೆ_ತಕರಾರು
ಒಡಿಸ್ಸಿಯಸ್ ಬಿದ್ದದ್ದು ಎತ್ತರದಿಂದ ಮಾತ್ರವಲ್ಲ ಸ್ವಾಮಿ. ಅದರ ಲೇಸರ್ ಎತ್ತರಮಾಪಕ ಕೆಲಸ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ. ಹೊರಡುವ ಮುನ್ನ ಸುರಕ್ಷತೆಯ ಒಂದು ಸ್ವಿಚ್ ತೆಗೆಯದೆ ಬಿಟ್ಟಿದ್ದರು. ನೆಲ ಎಲ್ಲಿದೆಯೆಂದು ತಿಳಿಯದವನು ಗಿಡ್ಡನಾದರೇನು, ಉದ್ದನಾದರೇನು?

ವಾಸ್ಕೋ_ಅಲೆಮಾರಿ
ಎತ್ತರಮಾಪಕದ ಮಾತು ಬಂದದ್ದು ಒಳ್ಳೆಯದಾಯಿತು. ಆಟದ ಮೇಲ್ಭಾಗದಲ್ಲಿ ಕಾಣುವ ಎತ್ತರ ಸಮುದ್ರ ಮಟ್ಟದ ಲೆಕ್ಕದ್ದು. ಮುನ್‌ನಲ್ಲಿ ಸಮುದ್ರವೇ ಇಲ್ಲ, ಕೆಲವು ಗುಡ್ಡಗಳು ಹಲವು ಸಾವಿರ ಮೀಟರ್ ಎತ್ತರದವು. ಪರದೆ 3,000 ಮೀಟರ್ ತೋರಿಸುತ್ತಿರುವಾಗಲೇ ನೌಕೆ ನೆಲಕ್ಕೆ ಅಪ್ಪಳಿಸಬಹುದು. ಎತ್ತರದ ಪಕ್ಕದ ಗುಂಡಿ ಒತ್ತಿ ನೆಲದಿಂದ ಅಳೆಯುವಂತೆ ಬದಲಿಸಿಕೊಳ್ಳಿ. ರಾತ್ರಿ ಭಾಗದಲ್ಲಿ ಇಳಿಯುವುದಾದರೆ ನೌಕೆಗೆ ದೀಪ ಹಾಕಿ.

2023ರ ಏಪ್ರಿಲ್‌ನಲ್ಲಿ ಜಪಾನಿನ ಚಂದ್ರ ಲ್ಯಾಂಡರ್ ಹಕುಟೊ-ಆರ್ ಇದಕ್ಕೇ ಬಲಿಯಾಯಿತು. ಕುಳಿಯ ಅಂಚನ್ನು ದಾಟುವಾಗ ನೆಲ ಒಮ್ಮೆಗೇ ಸುಮಾರು 3 ಕಿಲೋಮೀಟರ್ ಕೆಳಗೆ ಹೋಯಿತು. ಗಣಕಕ್ಕೆ ಅದು ನಂಬಲಾಗದ ಅಂಕಿಯಾಗಿ ಕಂಡು ಮಾಪಕದ ಮಾತನ್ನು ತಳ್ಳಿಹಾಕಿತು. ನೆಲ ಮುಟ್ಟಿದ್ದೇನೆ ಎಂದುಕೊಂಡು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ ತೇಲುತ್ತಾ ಇಂಧನ ಮುಗಿಸಿಕೊಂಡು ಬಿದ್ದಿತು.

ಮಡಗಾಂವ್_ಮಳೆ
ಅಯ್ಯೋ ಪಾಪ.

ಪಾಷಾಣ್_ಪಥಿಕ
ಇದನ್ನು ಮಕ್ಕಳಿಗೆ ಹೇಳಲೇಬೇಕು. ಅಡ್ಡವೇಗ ಕಳೆಯುವುದು ಹೇಗೆ? ನಾವು ಕೈಯಲ್ಲೇ ನೌಕೆಯನ್ನು ನೆಟ್ಟಗೆ ನಿಲ್ಲಿಸಿ ಇಳಿಸುತ್ತಿದ್ದೇವೆ.

ವಾಸ್ಕೋ_ಅಲೆಮಾರಿ
ನೆಟ್ಟಗೆ ನಿಲ್ಲಿಸಿದರೆ ಅಡ್ಡವೇಗ ಹಾಗೆಯೇ ಉಳಿಯುತ್ತದೆ. ನ್ಯಾವ್‌ಬಾಲ್ (ಪರದೆಯ ಕೆಳಗೆ ದಿಕ್ಕು ತೋರಿಸುವ ಗೋಲ) ಮೇಲಿನ ಪಟ್ಟಿ ‘ಸರ್ಫೇಸ್’ ಎಂದು ತೋರಿಸುತ್ತಿದೆಯೇ ನೋಡಿ. ‘ಆರ್ಬಿಟ್’ ಎಂದಿದ್ದರೆ ಅದರ ಮೇಲೆ ಒತ್ತಿ ಬದಲಿಸಿ. ಆಮೇಲೆ ಎಸ್‌ಎಎಸ್‌ಗೆ (ನೌಕೆಯ ಮೂತಿಯನ್ನು ತಾನೇ ಹಿಡಿದಿಡುವ ವ್ಯವಸ್ಥೆ) ರೆಟ್ರೋಗ್ರೇಡ್ ಗುರುತು ಹಿಡಿಯಲು ಹೇಳಿ. ನೀವು ಸಾಗುತ್ತಿರುವ ದಿಕ್ಕಿಗೆ ನೇರ ವಿರುದ್ಧವಾಗಿ ಎಂಜಿನ್ ಉರಿಯುತ್ತದೆ, ಅಡ್ಡವೇಗ ತಾನಾಗಿ ಕರಗುತ್ತದೆ. ವೇಗ ಇಳಿದಂತೆ ಆ ಗುರುತು ಮೆಲ್ಲನೆ ನೀಲಿ ಅರ್ಧಗೋಲದ ನಡುವಿಗೆ ಏರುತ್ತದೆ. ನಡುವಿಗೆ ಬಂದರೆ ನೌಕೆ ನೆಟ್ಟಗೆ ಇಳಿಯುತ್ತಿದೆ ಎಂದೇ ಅರ್ಥ.

ಒಂದು ಎಚ್ಚರಿಕೆ. ಕೊನೆಯಲ್ಲಿ ಎಂಜಿನ್ ಹೆಚ್ಚಾಗಿ ನೌಕೆ ಮತ್ತೆ ಮೇಲೇರತೊಡಗಿದರೆ ಆ ಗುರುತು ತಲೆಕೆಳಗಾಗುತ್ತದೆ. ಎಸ್‌ಎಎಸ್ ವಿಧೇಯವಾಗಿ ನೌಕೆಯನ್ನೂ ತಲೆಕೆಳಗು ಮಾಡುತ್ತದೆ. ನೆಲದ ಹತ್ತಿರ, ಸೆಕೆಂಡಿಗೆ ಎರಡು ಮೂರು ಮೀಟರ್ ಇರುವಾಗ ಮಾಮೂಲಿ ಸ್ಥಿರತೆಯ ಗುಂಡಿಗೆ ಬದಲಿಸಿಬಿಡಿ.

ಮುಲುಂದ್_ಮೇಡಂ
ಎಂಜಿನ್ ಯಾವುದು ಎಂದು ಯಾರೂ ಕೇಳಲಿಲ್ಲ. ಟೆರಿಯರ್ ಆಗಿದ್ದರೆ ನಿರ್ವಾತದಲ್ಲಿ 60 ಕಿಲೋನ್ಯೂಟನ್ ನೂಕುತ್ತದೆ. 5 ಟನ್ ಲ್ಯಾಂಡರ್‌ನ ತೂಕ ಮುನ್ ಮೇಲೆ ಸುಮಾರು 8 ಕಿಲೋನ್ಯೂಟನ್. ಒಂದೇ ಎಂಜಿನ್ ತೂಕದ ಏಳು ಪಟ್ಟು ನೂಕುತ್ತಿರುವಾಗ ಪಕ್ಕಕ್ಕೆ ಎರಡು ಇಟ್ಟರೆ ಮಕ್ಕಳ ಬೆರಳು ತಾಗಿದರೂ ಅದು ಜಿಗಿಯುತ್ತದೆ. ಎಂಜಿನ್ ಮೇಲೆ ಬಲಗುಂಡಿ ಒತ್ತಿ ನೂಕುಬಲದ ಮಿತಿಯನ್ನು ತಗ್ಗಿಸಿ. ಒಟ್ಟು ನೂಕುಬಲ ತೂಕದ ಎರಡು, ಎರಡೂವರೆ ಪಟ್ಟು ಇದ್ದರೆ ಸಾಕು. ಎತ್ತರದಲ್ಲಿ ಬ್ರೇಕ್ ಹಾಕುವಾಗ ಮಾತ್ರ ಪೂರ್ತಿ ಬಿಡಿ.

ಇಂಧನದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೆಳಕಕ್ಷೆಯಿಂದ ಮುನ್ ನೆಲಕ್ಕೆ ಸೆಕೆಂಡಿಗೆ 580 ಮೀಟರ್ ಡೆಲ್ಟಾ-ವಿ (ಎಂಜಿನ್ ಬದಲಿಸಬಲ್ಲ ಒಟ್ಟು ವೇಗ) ಬೇಕು, ಏರುವುದಕ್ಕೂ ಅಷ್ಟೇ. 5 ಟನ್‌ನಲ್ಲಿ ಒಂದೂವರೆ ಟನ್ ಇಂಧನವಿದ್ದರೆ ಟೆರಿಯರ್ ಸುಮಾರು 1,200 ಕೊಡುತ್ತದೆ. ಅಂದರೆ ಕೈ ನಡುಗದವರಿಗೆ ಮಾತ್ರ ಸಾಕು. ರೋವರ್ ಮಾತ್ರ ಇಳಿಸಿ ಲ್ಯಾಂಡರ್ ಅಲ್ಲೇ ಬಿಡುವುದಾದರೆ ಬೇಕಾದಷ್ಟಾಯಿತು.

ಥಾಣೆ_ತಕರಾರು
ಇಷ್ಟೆಲ್ಲ ಯಾಕೆ? ಮೆಕ್‌ಜೆಬ್ ಮಾಡ್ (ನೌಕೆಯನ್ನು ತಾನೇ ಓಡಿಸುವ ಹೊರಗಿನ ಸೇರ್ಪಡೆ) ಹಾಕಿ, ಇಳಿ ಎಂದು ಒತ್ತಿ, ಚಹಾ ಕುಡಿಯಿರಿ.

ವಾಸ್ಕೋ_ಅಲೆಮಾರಿ
ಅದು ಆಡುವುದಲ್ಲ, ನೋಡುವುದು.

ಥಾಣೆ_ತಕರಾರು
ವಿಕ್ರಮ್‌ಗೆ ಬೆಂಗಳೂರಿನಲ್ಲಿ ಯಾರಾದರೂ ಕೀಲಿಮಣೆ ಹಿಡಿದು ಕುಳಿತಿದ್ದರೇ? 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ ಹೊರಟದ್ದು, ನೆಲ ಮುಟ್ಟುವವರೆಗೆ ಪೂರ್ತಿ ಸ್ವಯಂಚಾಲಿತ. ಇಸ್ರೊ ಮಾಡಿದರೆ ತಂತ್ರಜ್ಞಾನ, ನಾನು ಮಾಡಿದರೆ ಮೋಸವೇ?

ಚಿಂಚ್ವಡ್_ಗೇರ್
ಇಸ್ರೊದವರು ಆ ತಂತ್ರಾಂಶವನ್ನು ತಾವೇ ಬರೆದರು. ನೀವು ಇಳಿಸಿಕೊಂಡಿರಿ.

ಡೊಂಬಿವಲಿ_ಲೋಕಲ್
ಹೊಡೆದಿರಿ ನೋಡಿ ಗೇರ್ ಅವರೇ!

ಮುಲುಂದ್_ಮೇಡಂ
ತಕರಾರಿನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಮಕ್ಕಳಿಗೆ ಮೊದಲು ಕೈಯಲ್ಲಿ ಇಳಿಸಲು ಕೊಡಿ, ಆಮೇಲೆ ಮೆಕ್‌ಜೆಬ್ ಇಳಿಸುವುದನ್ನು ತೋರಿಸಿ. ಯಂತ್ರ ಎಲ್ಲಿ ಬ್ರೇಕ್ ಹಾಕಿತು, ನಾವು ಎಲ್ಲಿ ಹಾಕಿದ್ದೆವು ಎಂದು ಹೋಲಿಸಿದರೆ ಕಲಿಕೆ ಅಲ್ಲೇ ಇದೆ.

1.68 ಕಿಲೋಮೀಟರ್ ಎಂಬ ಅಂಕಿಯನ್ನು ಮಕ್ಕಳು ಹಿಡಿಯುತ್ತಾರೆ, ಸಿದ್ಧರಾಗಿರಿ. ಆಟದಲ್ಲಿ ಮುನ್‌ನ ಕೆಳಕಕ್ಷೆಯ ವೇಗ ಸೆಕೆಂಡಿಗೆ ಸುಮಾರು 550 ಮೀಟರ್ ಮಾತ್ರ. ಗುರುತ್ವ ಚಂದ್ರನಷ್ಟೇ ಇದ್ದರೂ ಮುನ್‌ನ ತ್ರಿಜ್ಯ 200 ಕಿಲೋಮೀಟರ್, ಚಂದ್ರನದು 1,737. ಚಿಕ್ಕ ಗೋಳಕ್ಕೆ ಚಿಕ್ಕ ವೇಗ ಸಾಕು.

ಮಾಟುಂಗ_ಮಾಣಿ
ರೋವರ್ ಪಲ್ಟಿಯ ಬಗ್ಗೆ ಯಾರೂ ಹೇಳುತ್ತಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇದನ್ನೇ ಆಡುತ್ತಾನೆ, ನಾನೂ ನೋಡಿ ನೋಡಿ ಕಲಿತಿದ್ದೇನೆ. ನೀರು ತುಂಬಿದ ಲೋಟಗಳ ತಟ್ಟೆ ಹಿಡಿದ ಹುಡುಗ ಮೇಜಿನ ಮೂಲೆಯಲ್ಲಿ ಹೇಗೆ ತಿರುಗುತ್ತಾನೋ ಹಾಗೆ ತಿರುಗಿಸಬೇಕು: ಮೊದಲು ನಿಧಾನ, ಆಮೇಲೆ ತಿರುವು.

ಆದರೆ ಮುಖ್ಯ ಕಾರಣ ಬೇರೆ ಇದೆ. ಡಬ್ಲ್ಯು, ಎ, ಎಸ್, ಡಿ ಕೀಲಿಗಳು ಚಕ್ರವನ್ನೂ ಓಡಿಸುತ್ತವೆ, ನೌಕೆಯ ಮೂತಿಯನ್ನೂ ತಿರುಗಿಸುತ್ತವೆ. ನೀವು ಮುಂದಕ್ಕೆ ಹೋಗು ಎಂದು ಒತ್ತಿದಾಗ ರೋವರ್‌ನ ಗಣಕದೊಳಗಿರುವ ರಿಯಾಕ್ಷನ್ ವೀಲ್ (ನೌಕೆಯನ್ನು ತಿರುಗಿಸುವ ಒಳಗಿನ ಗಾಲಿ) ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಹಿಂಬದಿ ಚಕ್ರ ಮೇಲೇಳುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಚಕ್ರಗಳಿಗೆ ಬೇರೆ ಕೀಲಿ ಕೊಡಿ, ಇಲ್ಲವೇ ರಿಯಾಕ್ಷನ್ ವೀಲ್ ಅನ್ನೇ ಆರಿಸಿ.

ಪಾಷಾಣ್_ಪಥಿಕ
ಮಾಣಿಯವರೇ, ಇದೇ! ಈಗಷ್ಟೇ ಕೀಲಿ ಬದಲಿಸಿ ನೋಡಿದೆ. ಮೂತಿ ತಗ್ಗುವುದು ನಿಂತಿತು. ತಿರುವಿನಲ್ಲಿ ಮಾತ್ರ ಇನ್ನೂ ಒಂದು ಬದಿಯ ಚಕ್ರಗಳು ಏಳುತ್ತಿವೆ.

ಮುಲುಂದ್_ಮೇಡಂ
ಅದು ಗುರುತ್ವದ ಕೆಲಸ. ಚಕ್ರಗಳ ನಡುವಿನ ಅಗಲದ ಅರ್ಧ 1 ಮೀಟರ್, ಗುರುತ್ವ ಕೇಂದ್ರದ ಎತ್ತರವೂ 1 ಮೀಟರ್ ಎನ್ನಿ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಆಟದ ಭೂಮಿಯಾದ ಕರ್ಬಿನ್ ಮೇಲೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದವರೆಗೆ ಉರುಳುವುದಿಲ್ಲ. ಮುನ್ ಮೇಲೆ ಅದೇ ಮಿತಿ 4 ಮೀಟರ್. ಆಟದ ಇನ್ನೊಂದು ಪುಟ್ಟ ಉಪಗ್ರಹ ಮಿನ್ಮಸ್ ಮೇಲೆ 2 ಚಿಲ್ಲರೆ. ಮಕ್ಕಳು ಉಡಾವಣಾ ಕೇಂದ್ರದ ಅಂಗಳದಲ್ಲಿ ಓಡಿಸಿ ಅಭ್ಯಾಸ ಮಾಡಿರುತ್ತಾರೆ, ಅದೇ ಕೈಯಲ್ಲಿ ಮುನ್ ಮೇಲೂ ತಿರುಗಿಸುತ್ತಾರೆ.

ಪ್ರಜ್ಞಾನ್ ಸೆಕೆಂಡಿಗೆ 1 ಸೆಂಟಿಮೀಟರ್ ಸಾಗುತ್ತಿತ್ತು ಎಂದರೆ ಮಕ್ಕಳು ನಗುತ್ತಾರೆ. ಆ ವೇಗದಲ್ಲೇ ಅದು ನೂರು ಮೀಟರ್ ದಾಟಿತು, ಒಮ್ಮೆಯೂ ಉರುಳಲಿಲ್ಲ.

ವಾಸ್ಕೋ_ಅಲೆಮಾರಿ
ನನ್ನ ಕೇಳಿದರೆ ಮಿನ್ಮಸ್, ಮುನ್ ಎರಡಕ್ಕೂ ಚಕ್ರವೇ ದಂಡ. ಲ್ಯಾಂಡರ್‌ನಲ್ಲಿ ಇಂಧನ ಉಳಿದಿದ್ದರೆ ಎಂಜಿನ್ ಹಚ್ಚಿ ಹಾರಿ, ಇನ್ನೊಂದು ಕಡೆ ಇಳಿಯಿರಿ. ರೋವರ್‌ನಲ್ಲಿ ಒಂದು ಕುಳಿಯಿಂದ ಇನ್ನೊಂದಕ್ಕೆ ಹೋಗಲು ಅರ್ಧ ದಿನ, ಹಾರಿದರೆ ಐದು ನಿಮಿಷ. ವಿಜ್ಞಾನದ ಅಂಕಗಳೂ ಬೇಗ ಸಿಗುತ್ತವೆ.

ಇದು ಆಟದ ಕುಚೇಷ್ಟೆಯಲ್ಲ. 1967ರ ನವೆಂಬರ್‌ನಲ್ಲಿ ಅಮೆರಿಕದ ಸರ್ವೇಯರ್ 6 ಚಂದ್ರನ ಮೇಲೆ ಎಂಜಿನ್ ಮತ್ತೆ ಉರಿಸಿ ಎರಡೂವರೆ ಮೀಟರಿನಷ್ಟು ಪಕ್ಕಕ್ಕೆ ಹಾರಿ ಇಳಿದಿತ್ತು. 2023ರ ಸೆಪ್ಟೆಂಬರ್ 3ರಂದು ವಿಕ್ರಮ್ ಕೂಡ 40 ಸೆಂಟಿಮೀಟರ್ ಮೇಲೆದ್ದು ಅಷ್ಟೇ ದೂರಕ್ಕೆ ಸರಿದು ನಿಂತಿತು.

ಚಿಂಚ್ವಡ್_ಗೇರ್
ಹಾರಾಟಕ್ಕೆ ಇಂಧನ ಮುಗಿಯುತ್ತದೆ, ಚಕ್ರಕ್ಕೆ ಬಿಸಿಲು ಸಾಕು. ಸೋವಿಯತ್ ರೋವರ್ ಲುನೊಖೊದ್ 2 ಚಂದ್ರನ ಮೇಲೆ 1973ರಲ್ಲೇ ಸುಮಾರು 39 ಕಿಲೋಮೀಟರ್ ಓಡಿತು. ಮಂಗಳನ ಮೇಲೆ ಆಪರ್ಚುನಿಟಿ 45 ಕಿಲೋಮೀಟರ್ ದಾಟಿತು. ಹಾರಿಕೊಂಡು ಅಷ್ಟು ದೂರ ಹೋದವರನ್ನು ತೋರಿಸಿ.

ವಾಸ್ಕೋ_ಅಲೆಮಾರಿ
ಮಂಗಳನ ಮೇಲೆ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಒಟ್ಟು 17 ಕಿಲೋಮೀಟರ್ ಹಾರಿದೆ, ಅದೂ ಬಿಸಿಲಿನ ಬಲದಿಂದ.

ಚಿಂಚ್ವಡ್_ಗೇರ್
ಚಂದ್ರನ ಮೇಲೆ ರೆಕ್ಕೆ ಬೀಸಲು ಗಾಳಿ ತನ್ನಿ, ಆಮೇಲೆ ಮಾತಾಡೋಣ.

ಮಡಗಾಂವ್_ಮಳೆ
ಇಬ್ಬರೂ ಸ್ವಲ್ಪ ಉಸಿರು ಬಿಡಿ. ಜಪಾನಿನ ಸ್ಲಿಮ್ 2024ರ ಜನವರಿಯಲ್ಲಿ ಎರಡು ಪುಟ್ಟ ಯಂತ್ರಗಳನ್ನು ಇಳಿಸಿತ್ತಲ್ಲ? ಒಂದು ಜಿಗಿಯುವಂಥದ್ದು, ಇನ್ನೊಂದು ಚೆಂಡಿನ ಆಕಾರದ್ದು, ತೂಕ ಕಾಲು ಕಿಲೋ. ಸ್ಲಿಮ್ ಮೂತಿ ಕೆಳಗಾಗಿ ನಿಂತ ಚಿತ್ರವನ್ನು ತೆಗೆದದ್ದೇ ಆ ಚೆಂಡು.

ಡೊಂಬಿವಲಿ_ಲೋಕಲ್
ನಾನು ಮೊದಲೇ ಹೇಳಿದ್ದೆ, ಫೋಟೋ ತೆಗೆಯಿರಿ ಎಂದು.

ಮಾಟುಂಗ_ಮಾಣಿ
ವಿಷಯ ಬಿಟ್ಟು ಒಂದು ಮಾತು. ಚಂದ್ರಯಾನ-3ರ ರಾಕೆಟ್‌ನ ವಿಕಾಸ್ ಎಂಜಿನ್‌ಗಳು ತಯಾರಾದದ್ದು ಮುಂಬೈಯ ನಮ್ಮ ವಿಕ್ರೋಲಿಯ ಗೋದ್ರೇಜ್ ಕಾರ್ಖಾನೆಯಲ್ಲಿ. ಲೋಕಲ್‌ನಲ್ಲಿ ದಿನವೂ ಆ ಕಾರ್ಖಾನೆಯ ಮುಂದೆಯೇ ಹೋಗುವ ಅರ್ಧ ಜನಕ್ಕೆ ಅದು ಬರೀ ಬೀರು, ಬೀಗ ಮಾಡುವ ಜಾಗ.

ಥಾಣೆ_ತಕರಾರು
ನಾನೂ ಅದೇ ದಾರಿಯವನು. ಬಾಗಿಲ ಬಳಿ ನೇತಾಡುವವನಿಗೆ ಕಾರ್ಖಾನೆ ನೋಡುವ ಪುರುಸೊತ್ತು ಎಲ್ಲಿದೆ?

ಚಿಂಚ್ವಡ್_ಗೇರ್
ಮತ್ತೆ ವಿಷಯಕ್ಕೆ. ಪಥಿಕರು ಕೇಳಿದ್ದು ರೋವರ್ ಎಲ್ಲಿ ಕಟ್ಟಬೇಕು ಎಂದು. ಪಕ್ಕಕ್ಕೆ ಒಂದೇ ರೋವರ್ ಕಟ್ಟಿದರೆ ಗುರುತ್ವ ಕೇಂದ್ರ ಆ ಕಡೆಗೆ ಜರುಗುತ್ತದೆ, ಎಂಜಿನ್ ಉರಿದಾಗಲೆಲ್ಲ ನೌಕೆ ಗಿರಕಿ ಹೊಡೆಯಲು ನೋಡುತ್ತದೆ. ಎದುರು ಬದಿಗೆ ಅಷ್ಟೇ ತೂಕದ ಟ್ಯಾಂಕೋ, ಇನ್ನೊಂದು ರೋವರ್ರೋ ಇಟ್ಟರೆ ಸರಿಹೋಗುತ್ತದೆ. ಆದರೆ ಒಂದನ್ನು ಬಿಟ್ಟು ಮತ್ತೆ ಹಾರಬೇಕಾದರೆ ಅದೇ ಪಾಡು. ತಲೆಯ ಮೇಲೆ ಇಟ್ಟರೆ ಇಳಿಸಲು ಕ್ರೇನ್ ಬೇಕು. ಹೊಟ್ಟೆಯಡಿ ಇಡುವುದೇ ಸರಿ, ಆದರೆ ರೋವರ್ ಚಪ್ಪಟೆಯಾಗಿರಲಿ. ಚಕ್ರ ನೆಲಕ್ಕೆ ಒಂದು ಗೇಣಿನಷ್ಟು ಮೇಲಿದ್ದರೆ ಸಾಕು. ಆಗ ಕಾಲುಗಳೂ ಗಿಡ್ಡವಾಗುತ್ತವೆ. ಡಿಕಪ್ಲರ್‌ನ ನೂಕುಬಲವನ್ನು ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ರೋವರ್ ನೆಲಕ್ಕೆ ಬಡಿಯುತ್ತದೆ, ಲ್ಯಾಂಡರ್ ಮೇಲಕ್ಕೆ ಚಿಮ್ಮುತ್ತದೆ. ಡಾಕಿಂಗ್ ಪೋರ್ಟ್ ಹಾಕಿದರೆ ಇನ್ನೂ ಒಳ್ಳೆಯದು, ರೋವರ್ ಮರಳಿ ಬಂದು ಅಂಟಿಕೊಳ್ಳಬಹುದು.

ವಾಸ್ಕೋ_ಅಲೆಮಾರಿ
ಅಂಟಿಕೊಳ್ಳಬಹುದು ಎನ್ನುವುದು ನೆಲ ಸಮತಟ್ಟಾಗಿದ್ದರೆ ಮಾತ್ರ. ಮುನ್ ಇಳಿಜಾರಿನಲ್ಲಿ ಎರಡು ಪೋರ್ಟ್ ಒಂದೇ ಎತ್ತರಕ್ಕೆ ಬರಿಸಿದವರಿಗೆ ನಾನು ಗೋವಾದ ಸಿಹಿತಿಂಡಿ ಬೆಬಿಂಕಾ ಕೊಡಿಸುತ್ತೇನೆ.

ಮಡಗಾಂವ್_ಮಳೆ
ಸಾಕ್ಷಿಗಳು ಇದ್ದಾರೆ, ಆಮೇಲೆ ಜಾರಿಕೊಳ್ಳಬೇಡಿ.

ಮುಲುಂದ್_ಮೇಡಂ
ಬ್ಯಾಟರಿ ಮರೆಯಬೇಡಿ. ಮುನ್‌ನ ಒಂದು ದಿನ ಆಟದ ಗಡಿಯಾರದಲ್ಲಿ ಸುಮಾರು 38 ಗಂಟೆ, ಅದರಲ್ಲಿ ಅರ್ಧ ಕತ್ತಲೆ. ವಿದ್ಯುತ್ ಮುಗಿದರೆ ಮಾನವರಹಿತ ರೋವರ್ ಸುಮ್ಮನೆ ನಿಂತುಬಿಡುತ್ತದೆ, ಬೆಳಗಾದ ಮೇಲೆ ಏಳುತ್ತದೆ. ನಿಜ ಚಂದ್ರನ ಮೇಲೆ ಅಷ್ಟು ಸಲೀಸಲ್ಲ. 14 ದಿನಗಳ ರಾತ್ರಿಯ ಚಳಿಗೆ ಪ್ರಜ್ಞಾನ್ ಮತ್ತೆ ಏಳಲಿಲ್ಲ. ಲುನೊಖೊದ್‌ಗಳೊಳಗೆ ಪೊಲೋನಿಯಂ ಹೀಟರ್ ಇತ್ತು, ರಾತ್ರಿ ಮುಚ್ಚಳ ಹಾಕಿಕೊಂಡು ಮಲಗುತ್ತಿದ್ದವು. ಆಟದಲ್ಲಿ ಆ ಚಳಿಯಿಲ್ಲ ಎಂದು ಮಕ್ಕಳಿಗೆ ಹೇಳಿ.

ಪಾಷಾಣ್_ಪಥಿಕ
ಬಹಳ ಉಪಕಾರವಾಯಿತು. ನಾಲ್ಕು ಗಿಡ್ಡ ಟ್ಯಾಂಕ್, ಚಪ್ಪಟೆ ರೋವರ್, ನೂಕುಬಲಕ್ಕೆ ಮಿತಿ ಎಂದು ನಾಳೆಯ ಪಾಠ ಬದಲಿಸುತ್ತೇನೆ. ಒಬ್ಬ ಪೋಷಕರು ಈ ಆಟದ ಎರಡನೆಯ ಭಾಗ ಕೊಳ್ಳಲೇ ಎಂದು ಕೇಳುತ್ತಿದ್ದಾರೆ. ಅವರ ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್.

ಥಾಣೆ_ತಕರಾರು
ಬೇಡವೆನ್ನಿ. ಅದು 2023ರ ಫೆಬ್ರುವರಿಯಲ್ಲಿ ಅರೆಬೆಂದ ಸ್ಥಿತಿಯಲ್ಲಿ ಬಂತು, ಕೆಲಸ ಅರ್ಧಕ್ಕೇ ನಿಂತಿತು. ಮೊದಲನೆಯದು ಸಾಕು. ಈ ಒಂದು ವಿಷಯದಲ್ಲಿ ನನ್ನ ತಕರಾರಿಲ್ಲ.

ಚಿಂಚ್ವಡ್_ಗೇರ್
ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಟ ಕುಂಟುವುದು ಬಿಡಿಭಾಗಗಳು ಹೆಚ್ಚಾದಾಗ. ನಾಲ್ಕು ಸಣ್ಣ ಚೌಕಟ್ಟು ಜೋಡಿಸುವ ಬದಲು ರೋವ್‌ಮೇಟ್ ಎಂಬ ಸಿದ್ಧ ಒಡಲು ಬಳಸಿ, ಚಕ್ರ ನಾಲ್ಕೇ ಸಾಕು. ಚಿತ್ರದ ಗುಣಮಟ್ಟ ಇಳಿಸಿ, ಫ್ಯಾನಿನ ಕಿಂಡಿಯ ಧೂಳು ತೆಗೆಯಿರಿ. ಚಾರ್ಜರ್ ಚುಚ್ಚಿಯೇ ಆಡಲಿ.